ಚಿತ್ರದ ಕಾರ್ಡು, ಮಾತಾಡೋ ಟ್ಯಾಬು, ಕೈಲಿ ಹಿಡಿಯೋ ಅಕ್ಷರದ ಬೋರ್ಡು, ಟೇಬಲ್ ಮೇಲಿನ ಕೀಬೋರ್ಡು: ನಾಲ್ಕೂ ಮಾಡಿ ನೋಡಿದ್ಮೇಲೆ

ನನ್ನ ಮಗನಿಗೆ ಈಗ 13 ವರ್ಷ. ಆಟಿಸಂ ಇದೆ, ಮಾತು ಬಂದಿಲ್ಲ. "ಅಮ್" ಅಂತ ಒಂದು ಸದ್ದು ಮಾಡ್ತಾನೆ, ಅದು ನನ್ನನ್ನ ಕರೆಯೋದೂ ಇರಬಹುದು, ನೀರು ಕೇಳೋದೂ ಇರಬಹುದು. ಆಟಿಸಂ ಇರೋ ಮಕ್ಕಳಲ್ಲಿ ಸುಮಾರು 25ರಿಂದ 30 ಪರ್ಸೆಂಟ್ ಮಕ್ಕಳಿಗೆ ಮಾತು ಬರೋದೇ ಇಲ್ಲ ಅಥವಾ ನಾಲ್ಕಾರು ಪದಕ್ಕೆ ನಿಂತುಬಿಡುತ್ತೆ ಅಂತಾರೆ, ನಮ್ಮವನು ಆ ಗುಂಪಲ್ಲಿ ಒಬ್ಬ. ಎಂಟು ವರ್ಷದಲ್ಲಿ ನಾಲ್ಕು ದಾರಿ ಹಿಡಿದು ನೋಡಿದೀವಿ. ಬೇರೆ ಅಮ್ಮಂದಿರು ಮೆಸೇಜ್ ಮಾಡಿ "ಅಕ್ಷರದ ಬೋರ್ಡ್ ಶುರು ಮಾಡೋಣ ಅಂತಿದೀವಿ, ನಿಮಗೆ ಹೇಗಾಯ್ತು" ಅಂತ ಕೇಳ್ತಾನೇ ಇರ್ತಾರೆ, ಒಬ್ಬೊಬ್ಬರಿಗೆ ಅರ್ಧಂಬರ್ಧ ಹೇಳೋದಕ್ಕಿಂತ ಒಂದೇ ಸಲ ಪೂರ್ತಿ ಬರೆದುಬಿಡೋಣ ಅಂತ ಕೂತಿದೀನಿ.

ಮೊದಲು ಮಾಡಿದ್ದು ಚಿತ್ರದ ಕಾರ್ಡು. ಪೆಕ್ಸ್ ಅಂತಾರಲ್ಲ, 1985ರಲ್ಲಿ ಅಮೆರಿಕದಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಅನ್ನೋರು ಶುರು ಮಾಡಿದ್ದು. ಮಗು ಕಾರ್ಡ್ ಎತ್ತಿ ಎದುರಿಗಿರೋರ ಕೈಗೆ ಕೊಡಬೇಕು, ಕೊಟ್ಟ ತಕ್ಷಣ ಆ ವಸ್ತು ಸಿಗಬೇಕು, ಇಷ್ಟೇ. ಶುರುವಲ್ಲಿ ಇನ್ನೊಬ್ಬರು ಹಿಂದೆ ಕೂತು ಬಾಯಿ ಬಿಡದೆ ಮಗು ಕೈಗೆ ಸಹಾಯ ಮಾಡ್ತಾರೆ, ದಿನ ಕಳೆದ ಹಾಗೆ ಆ ಸಹಾಯ ಕಮ್ಮಿ ಮಾಡ್ತಾ ಹೋಗ್ತಾರೆ. ನಮ್ಮವನು ಎರಡೇ ವಾರಕ್ಕೆ ಹಿಡ್ಕೊಂಡ. ಅಲ್ಲೀವರೆಗೂ ಏನಾದ್ರೂ ಬೇಕಾದ್ರೆ ನೆಲಕ್ಕೆ ತಲೆ ಚಚ್ಕೊಳ್ತಿದ್ದ ಮಗು, ಫ್ಯಾನ್ ಚಿತ್ರ ತಂದು ನನ್ನ ಅಂಗೈಗೆ ಇಟ್ಟು ನಿಂತ್ಕೊಂಡ. ಅವತ್ತಿನ ಸಮಾಧಾನ ನಾನು ಮರೆಯಲ್ಲ. ಆದ್ರೆ ನಾವು ಪ್ರಿಂಟ್ ಮಾಡಿ ಲ್ಯಾಮಿನೇಟ್ ಮಾಡಿರೋದಷ್ಟನ್ನೇ ಅವ್ನು ಹೇಳೋಕೆ ಆಗೋದು. ಒಂದ್ಸಲ ಎರಡು ದಿನ ಪೂರ್ತಿ ನೀರಿನ ಕಾರ್ಡ್ ತಂದು ಕೊಡ್ತಾನೇ ಇದ್ದ, ನೀರು ಕೊಟ್ರೆ ತಳ್ತಿದ್ದ, ಮತ್ತೆ ಅದೇ ಕಾರ್ಡ್. ಮೂರನೇ ದಿನ ಕಿವಿಯಿಂದ ಕೀವು ಬಂದಾಗ ಗೊತ್ತಾಯ್ತು, ಕಿವಿ ನೋವಿಗೆ ನಮ್ಮ ಹತ್ರ ಕಾರ್ಡೇ ಇರಲಿಲ್ಲ, ಇದ್ದಿದ್ದರಲ್ಲಿ ಏನೋ ಒಂದು ತಂದು ಕೊಡ್ತಿದ್ದ ಪಾಪ.

ಅದಾದ್ಮೇಲೆ ಅವ್ನಿಗೆ ಎಂಟು ವರ್ಷ ಇರುವಾಗ ಟ್ಯಾಬ್ ತಗೊಂಡ್ವಿ. ಬಟನ್ ಒತ್ತಿದ್ರೆ ಆ ಪದ ಜೋರಾಗಿ ಹೇಳುತ್ತೆ. ಇಂಥ ಆಪ್‌ಗಳು ಬೇಕಾದಷ್ಟಿವೆ, ಯಾವುದು ಅನ್ನೋದಕ್ಕಿಂತ ಹೇಗೆ ಬಳಸ್ತೀರ ಅನ್ನೋದು ಮುಖ್ಯ, ಇದನ್ನ ನಾನು ಕಷ್ಟಪಟ್ಟು ಕಲಿತೆ. ಮೊದಲ ಆರು ತಿಂಗಳು ನಾನು ಮಾಡಿದ ತಪ್ಪು ಏನಂದ್ರೆ "ಒತ್ತು, ಒತ್ತು ಪುಟ್ಟ" ಅಂತ ಅವನ ಹಿಂದೆ ಬಿದ್ದಿದ್ದು. ನಮ್ಮ ಸ್ಪೀಚ್ ಥೆರಪಿಸ್ಟ್ ಹೇಳಿದ್ರು, ಚಿಕ್ಕ ಮಗು ವರ್ಷಗಟ್ಟಲೆ ಮಾತು ಕೇಳಿಸ್ಕೊಂಡು ಆಮೇಲೆ ಮಾತಾಡುತ್ತೆ ಅಲ್ವಾ, ಟ್ಯಾಬ್ ಭಾಷೆನಲ್ಲಿ ಇವ್ನ ಜೊತೆ ಯಾರು ಮಾತಾಡಿದ್ದಾರೆ ಅಂತ. ಆಗಿಂದ ನಾನೇ ಒತ್ತಿ ಒತ್ತಿ ಮಾತಾಡೋಕೆ ಶುರು ಮಾಡಿದೆ, "ಹೋಗೋಣ", "ಇನ್ನೂ", "ಸಾಕು", "ಬೇಡ", ಅವ್ನಿಂದ ಉತ್ತರ ಕೇಳದೆ. ಬಟನ್ ಜಾಗ ಮಾತ್ರ ಯಾವತ್ತೂ ಬದಲಾಯಿಸಬಾರದು, ಬೆರಳಿಗೆ ಜಾಗ ಅಭ್ಯಾಸ ಆಗುತ್ತೆ. ನಾಲ್ಕು ತಿಂಗಳಾದ್ಮೇಲೆ ಒಂದಿನ ತಲೆ ಬಾಚ್ತಾ ಇದ್ದೆ, ಅವ್ನು ಟ್ಯಾಬ್ ಎಳ್ಕೊಂಡು "ಸಾಕು" ಒತ್ತಿದ. ನಾನು ಬಾಚಣಿಗೆ ಅಲ್ಲೇ ಇಟ್ಟೆ, ಅರ್ಧ ತಲೆ ಬಾಚಿದ್ದು ಹಾಗೇ ಇತ್ತು, ಸಾಕು ಅಂದಿದ್ದಾನೆ ಅಂದ್ರೆ ಸಾಕು.

ಆದ್ರೂ ಮನಸ್ಸಲ್ಲಿ ಒಂದು ಕೊರತೆ ಇತ್ತು. ಎರಡು ಪದ, ಮೂರು ಪದ, ಅಷ್ಟೇ ಬರೋದು. ಅವ್ನ ಒಳಗೆ ಏನೇನಿದೆಯೋ ಅನ್ನೋ ಹಸಿವು ಇರುತ್ತಲ್ಲ ನಮಗೆ, ಅದು ತೀರಲಿಲ್ಲ. ಅದೇ ಸಮಯದಲ್ಲಿ ಕೈಲಿ ಹಿಡಿಯೋ ಅಕ್ಷರದ ಬೋರ್ಡ್ ಬಗ್ಗೆ ಕೇಳಿದ್ದು. ಇದ್ರಲ್ಲಿ ಎರಡು ಹೆಸರು ಜಾಸ್ತಿ ಕೇಳಿಬರುತ್ತೆ: ಸೋಮಾ ಮುಖೋಪಾಧ್ಯಾಯ ಅವ್ರು ತಮ್ಮ ಮಗನಿಗೋಸ್ಕರ ಕಂಡ್ಕೊಂಡ ರ‍್ಯಾಪಿಡ್ ಪ್ರಾಂಪ್ಟಿಂಗ್ ಮೆಥಡ್, ಮತ್ತೆ ಎಲಿಜಬೆತ್ ವಾಸೆಲರ್ ಅವ್ರ ಸ್ಪೆಲ್ಲಿಂಗ್ ಟು ಕಮ್ಯುನಿಕೇಟ್. ಮಗನಿಗೆ 10 ವರ್ಷ ಆಗಿತ್ತು, ಒಂದೂವರೆ ವರ್ಷ ಮಾಡಿದ್ವಿ.

ಹೇಗಿರುತ್ತೆ ಅಂದ್ರೆ, ಮೊದಲು ಮೂರು ಬೋರ್ಡ್, ಇಂಗ್ಲಿಷ್ ಅಕ್ಷರಮಾಲೆನ ಮೂರು ಭಾಗ ಮಾಡಿರ್ತಾರೆ, ಅಕ್ಷರ ಕೊರೆದಿರೋ ಸ್ಟೆನ್ಸಿಲ್, ಮಗು ಪೆನ್ಸಿಲ್ ತಗೊಂಡು ಆ ತೂತಿನೊಳಗೆ ಚುಚ್ಚಬೇಕು. ಅದು ಬಂದ್ಮೇಲೆ 26 ಅಕ್ಷರ ಇರೋ ಒಂದೇ ಬೋರ್ಡ್, ಕೊನೆಗೆ ಕೀಬೋರ್ಡ್. ಪಕ್ಕದಲ್ಲಿ ಕೂತಿರೋರು ಬೋರ್ಡನ್ನ ಗಾಳಿಲಿ ಎತ್ತಿ ಹಿಡಿದಿರ್ತಾರೆ, "ನೋಡು, ಮುಂದೆ, ಹೋಗ್ತಾ ಇರು" ಅಂತ ಹೇಳ್ತಾ ಇರ್ತಾರೆ. ಅವ್ರು ಹೇಳೋ ಕಾರಣ ಇದು: ಈ ಮಕ್ಕಳಿಗೆ ಬುದ್ಧಿ ಪೂರ್ತಿ ಇದೆ, ದೇಹ ಮಾತ್ರ ಹೇಳಿದ ಹಾಗೆ ಕೇಳಲ್ಲ, ಅದಕ್ಕೇ ಪಕ್ಕದಲ್ಲಿ ಕೋಚ್ ಬೇಕು. ದೇಹ ಕೇಳಲ್ಲ ಅನ್ನೋ ಮಾತು ನಂಗೆ ಈಗ್ಲೂ ನಿಜ ಅನ್ಸುತ್ತೆ, ಶರ್ಟ್ ಗುಂಡಿ ಹಾಕೋಕೆ ನನ್ನ ಮಗ ಪಡೋ ಪಾಡು ನಾನು ದಿನಾ ನೋಡ್ತೀನಿ.

ಮೂರನೇ ತಿಂಗಳಿಗೆ ವಾಕ್ಯಗಳು ಬಂದ್ವು ನೋಡಿ. ಉದ್ದುದ್ದ ವಾಕ್ಯ, ಒಳ್ಳೆ ಇಂಗ್ಲಿಷ್, ನಾನು ಬುದ್ಧಿವಂತ, ನನ್ನನ್ನ ಸಣ್ಣ ಮಗು ಥರ ನೋಡಬೇಡಿ, ಅಮ್ಮ ನಿನ್ನ ತಾಳ್ಮೆಗೆ ಥ್ಯಾಂಕ್ಸ್ ಅನ್ನೋ ಅರ್ಥದಲ್ಲಿ. ನಾನು ಆ ಕ್ಲಾಸ್ ರೂಮಲ್ಲೇ ಅತ್ತೆ. ಮನೆಗೆ ಬಂದು ಎಲ್ಲರಿಗೂ ಫೋನ್ ಮಾಡಿದೆ, ಆ ಹಾಳೆನ ಫ್ರೇಮ್ ಹಾಕಿಸಿ ಗೋಡೆಗೆ ತೂಗಾಕಿದೆ. ಹತ್ತು ವರ್ಷ ಕಾದ ಮೇಲೆ ಮಗ ಮಾತಾಡಿದ್ದಾನೆ ಅಂದ್ರೆ ಯಾವ ತಾಯಿ ಅನುಮಾನ ಪಡ್ತಾಳೆ ಹೇಳಿ.

ಅನುಮಾನ ಬಂದಿದ್ದು ಭಾಷೆಯಿಂದ. ಮನೇಲಿ ನಾವು ಮಾತಾಡೋದು ಪೂರ್ತಿ ಕನ್ನಡ. ಅವ್ನು ಕೇಳಿ ಬೆಳೆದಿದ್ದು "ಬಾರೋ", "ಸಾಕು", "ಬೇಡ", "ಹೋಗೋಣ". ಆದ್ರೆ ಬೋರ್ಡಲ್ಲಿ ಒಂದೇ ಒಂದು ಕನ್ನಡ ಪದ ಬರಲಿಲ್ಲ, ಬರ್ತಿದ್ದಿದ್ದೆಲ್ಲ ಬೋರ್ಡ್ ಹಿಡಿದೋರು ಮಾತಾಡೋ ಥರದ ಇಂಗ್ಲಿಷ್, ಅವ್ರು ಪದೇ ಪದೇ ಬಳಸೋ ಪದಗಳೇ. ಅವ್ರು ರಜಾ ಹೋಗಿ ಬೇರೆಯವ್ರು ಬಂದ ವಾರ ನನ್ನ ಮಗನ "ಶೈಲಿ"ನೇ ಬದಲಾಯ್ತು. ಅವತ್ತು ರಾತ್ರಿ ಹಳೇ ವಿಡಿಯೋನ ನಿಧಾನಕ್ಕೆ ಓಡಿಸಿ ನೋಡಿದೆ. ಪೆನ್ಸಿಲ್ ಅಕ್ಷರಕ್ಕೆ ತಾಗೋ ಮುಂಚೆ ಬೋರ್ಡು ಎರಡು ಬೆರಳಷ್ಟು ಸರಿಯುತ್ತೆ, ಪೆನ್ಸಿಲ್ ಎಲ್ಲಿದೆಯೋ ಅಲ್ಲಿಗೆ ಅಕ್ಷರನೇ ಬರುತ್ತೆ. ಮಗ ಕಿಟಕಿ ಕಡೆ ನೋಡ್ತಿದ್ದಾನೆ. ಇನ್ನೊಂದು ವಿಡಿಯೋ ಹಾಕಿದೆ, ಅದ್ರಲ್ಲಿ ಬೋರ್ಡ್ ಹಿಡಿದಿರೋದು ನಾನೇ, ನನ್ನ ಕೈಯೂ ಹಾಗೇ ಸರೀತಿದೆ. ನಾನು ಬೇಕಂತ ಮಾಡಿದ್ದಲ್ಲ, ಖಂಡಿತ ಅಲ್ಲ. ಬೋರ್ಡ್ ಹಿಡಿಯೋರು ಯಾರೂ ಬೇಕಂತ ಮಾಡಲ್ಲ. ಇದಕ್ಕೆ ಐಡಿಯೋಮೋಟರ್ ಪರಿಣಾಮ ಅಂತ ಹೆಸರಿದೆ, ಮನಸ್ಸಲ್ಲಿ ಇರೋ ಉತ್ತರದ ಕಡೆ ನಮಗೇ ಗೊತ್ತಿಲ್ಲದೆ ಕೈ ಹೋಗುತ್ತೆ. ನೂರು ವರ್ಷದ ಹಿಂದೆ ಬರ್ಲಿನ್‌ನಲ್ಲಿ ಲೆಕ್ಕ ಹೇಳೋ ಕುದುರೆ ಅಂತ ಒಂದಿತ್ತು, ಕ್ಲೆವರ್ ಹ್ಯಾನ್ಸ್, 1907ರಲ್ಲಿ ಆಸ್ಕರ್ ಫಂಗ್ಸ್ಟ್ ಅನ್ನೋರು ಪರೀಕ್ಷೆ ಮಾಡಿದಾಗ ಪ್ರಶ್ನೆ ಕೇಳೋರಿಗೇ ಉತ್ತರ ಗೊತ್ತಿಲ್ಲದಿದ್ರೆ ಕುದುರೆಗೂ ಬರ್ತಿರಲಿಲ್ಲ. ಅಲ್ಲೂ ಕೇಳೋರು ಮೋಸಗಾರರಾಗಿರಲಿಲ್ಲ, ಅವ್ರ ತಲೆ, ಮೈ ಒಂಚೂರು ಅಲ್ಲಾಡೋದನ್ನ ಕುದುರೆ ಗಮನಿಸ್ತಿತ್ತು ಅಷ್ಟೇ.

ಆಮೇಲೆ ಮನೇಲಿ ಪರೀಕ್ಷೆ ಮಾಡಿದ್ವಿ. ನಮ್ಮ ಮನೆಯವ್ರು ಮಗನ್ನ ಪಕ್ಕದ ರೂಮಿಗೆ ಕರ್ಕೊಂಡು ಹೋಗಿ ಒಂದು ವಸ್ತು ತೋರಿಸಿ, ಕೈಗೆ ಕೊಟ್ಟು ಆಟ ಆಡಿಸಿ ವಾಪಸ್ ಕಳಿಸ್ತಿದ್ರು, ಏನು ಅಂತ ನಂಗೆ ಹೇಳ್ತಿರಲಿಲ್ಲ, ನಾನು ಬೋರ್ಡ್ ಹಿಡೀತಿದ್ದೆ. ಮೊದಲ ಸಲ ನನ್ನ ಮನಸ್ಸಲ್ಲಿ ಚೆಂಡು ಇರಬಹುದು ಅಂತ ಇತ್ತು, ಬೋರ್ಡಲ್ಲಿ ಬಿ ಎ ಎಲ್ ಎಲ್ ಅಂತ ಬಂತು. ತೋರಿಸಿದ್ದು ಕೀ ಗೊಂಚಲು. ಎರಡನೇ ಸಲ ಏನೂ ಊಹೆ ಮಾಡಬಾರದು ಅಂತ ಗಟ್ಟಿ ಮನಸ್ಸು ಮಾಡ್ಕೊಂಡೆ, ಅರ್ಥವೇ ಇಲ್ಲದ ಅಕ್ಷರ ಬಂದ್ವು. ಮೂರನೇ ಸಲ ಇಬ್ಬರಿಗೂ ಒಂದೇ ವಸ್ತು ತೋರಿಸಿದ್ರು, ಸ್ಪೆಲ್ಲಿಂಗ್ ಸಮೇತ ಸರಿಯಾಗಿ ಬಂತು. ನಾಲ್ಕು ದಿನ ಬೇರೆ ಬೇರೆ ವಸ್ತು ಇಟ್ಟು ಮಾಡಿದ್ವಿ, ಪ್ರತಿ ಸಲ ಇದೇ ಕಥೆ. ನಾಲ್ಕನೇ ದಿನ ಟ್ಯಾಬ್ ಟೇಬಲ್ ಮೇಲಿಟ್ಟು, ನಾನು ಕೈ ಕಟ್ಕೊಂಡು ದೂರ ಕೂತು, "ಅಪ್ಪ ಏನು ತೋರಿಸಿದ್ರು" ಅಂತ ಕೇಳಿದೆ. ಸ್ವಲ್ಪ ಹೊತ್ತು ಅಲ್ಲಾಡ್ತಾ ಕೂತಿದ್ದ. ಆಮೇಲೆ ಒತ್ತಿದ: "ಹೊರಗೆ". "ಕಾರು". ನಂಗೆ ಏನೂ ಅರ್ಥ ಆಗಲಿಲ್ಲ. ಒಳಗಿಂದ ಇವ್ರು ಓಡಿ ಬಂದ್ರು, ಮತ್ತೆ ಅದೇ ಕೀ ಗೊಂಚಲು ತೋರಿಸಿದ್ರಂತೆ. ಟ್ಯಾಬಲ್ಲಿ ಕೀ ಅನ್ನೋ ಬಟನ್ನೇ ಇರಲಿಲ್ಲ ಕಣ್ರೀ, ಇದ್ದ ಪದದಲ್ಲೇ ಅವ್ನು ಹೇಳಿದ.

ಫ್ರೇಮ್ ಅವತ್ತೇ ಗೋಡೆಯಿಂದ ಇಳಿಸಿದೆ. ಬಿಸಾಕೋಕೆ ಮನಸ್ಸು ಬರಲಿಲ್ಲ, ಬೀರುನಲ್ಲಿದೆ. ಆ ವಾಕ್ಯಗಳನ್ನ ಕಳ್ಕೊಂಡ ನೋವು ಸಣ್ಣದಲ್ಲ, ಅದನ್ನ ಯಾರಿಗೂ ಸಣ್ಣದು ಅಂತ ಹೇಳಲ್ಲ ನಾನು.

ಕ್ಲಾಸಲ್ಲಿ ಇದೇ ಪರೀಕ್ಷೆ ಮಾಡೋಣ ಅಂತ ಕೇಳಿದಾಗ "ಪರೀಕ್ಷೆ ಮಾಡಿದ್ರೆ ಮಗುವಿನ ನಂಬಿಕೆ ಮುರಿಯುತ್ತೆ" ಅಂದ್ರು. ಈ ಮಾತನ್ನ ನಾನು ಒಪ್ಪಲ್ಲ. ಇದು ಹೊಸ ಪ್ರಶ್ನೆಯೂ ಅಲ್ಲ. ಇದಕ್ಕಿಂತ ಮುಂಚೆ ಕೈ ಹಿಡಿದು ಟೈಪ್ ಮಾಡಿಸೋ ಫೆಸಿಲಿಟೇಟೆಡ್ ಕಮ್ಯುನಿಕೇಶನ್ ಇತ್ತು, 1970ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ರೋಸ್‌ಮೇರಿ ಕ್ರಾಸ್ಲಿ ಶುರು ಮಾಡಿದ್ದು, 1990ರ ಸುಮಾರಿಗೆ ಡಗ್ಲಸ್ ಬಿಕ್ಲೆನ್ ಅಮೆರಿಕಕ್ಕೆ ತಂದ್ರು. ನ್ಯೂಯಾರ್ಕ್ ರಾಜ್ಯದ ಒ ಡಿ ಹೆಕ್ ಸೆಂಟರಲ್ಲಿ 12 ಜನರ ಮೇಲೆ ಪರೀಕ್ಷೆ ಮಾಡಿ 1993ರಲ್ಲಿ ಫಲಿತಾಂಶ ಬಂತು, ಕೈ ಹಿಡಿದೋರಿಗೆ ಒಂದು ಚಿತ್ರ, ಟೈಪ್ ಮಾಡೋರಿಗೆ ಇನ್ನೊಂದು ಚಿತ್ರ ತೋರಿಸಿದಾಗ ಟೈಪ್ ಮಾಡೋರು ನೋಡಿದ ಚಿತ್ರದ ಹೆಸರು ಒಂದ್ಸಲಾನೂ ಬರಲಿಲ್ಲ. ಆ ಕಾಲದಲ್ಲಿ ಹೀಗೆ ಟೈಪ್ ಆದ ಮಾತು ನಂಬಿ ಅಪ್ಪ ಅಮ್ಮಂದಿರ ಮೇಲೇ ಸುಳ್ಳು ಆರೋಪ ಬಂದು ಮನೆಗಳು ಒಡೆದಿದ್ವು. ಅಮೆರಿಕದ ಸ್ಪೀಚ್ ಥೆರಪಿಸ್ಟ್‌ಗಳ ಸಂಘ ಆಶಾ 2018ರಲ್ಲಿ ಫೆಸಿಲಿಟೇಟೆಡ್ ಕಮ್ಯುನಿಕೇಶನ್, ರ‍್ಯಾಪಿಡ್ ಪ್ರಾಂಪ್ಟಿಂಗ್ ಎರಡೂ ಬೇಡ ಅಂತ ಹೇಳಿದೆ.

ಇನ್ನೊಂದು ಕಡೆದೂ ಹೇಳಬೇಕು. ವರ್ಜೀನಿಯಾ ವಿಶ್ವವಿದ್ಯಾಲಯದ ವಿಕ್ರಮ್ ಜಸ್ವಾಲ್ ಅವ್ರ ತಂಡ 2020ರಲ್ಲಿ ಬೋರ್ಡ್ ಬಳಸೋ 9 ಜನರ ಕಣ್ಣಿನ ಚಲನೆ ಅಳೆದು, ಬೆರಳು ಹೋಗೋ ಮುಂಚೆ ಕಣ್ಣು ಆ ಅಕ್ಷರಕ್ಕೆ ಹೋಗುತ್ತೆ ಅಂತ ತೋರಿಸಿದ್ರು. ಆದ್ರೆ ಬೋರ್ಡ್ ಹಿಡಿದಿದ್ದು ಸಹಾಯಕರೇ, ಅವ್ರಿಗೆ ಗೊತ್ತಿಲ್ಲದ ವಿಷಯ ಕೇಳೋ ಪರೀಕ್ಷೆ ಅದ್ರಲ್ಲಿ ಇರಲಿಲ್ಲ, ಹಾಗಾಗಿ ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಅವ್ರದ್ದೇ 2024ರ ಇನ್ನೊಂದು ಕೆಲಸ ನಂಗೆ ಜಾಸ್ತಿ ಧೈರ್ಯ ಕೊಟ್ಟಿತು: ಮಾತು ಬಾರದ 31 ಜನಕ್ಕೆ ಐಪ್ಯಾಡಲ್ಲಿ ಮಿನುಗೋ ಅಕ್ಷರ ಒತ್ತೋ ಆಟ ಕೊಟ್ರು, ಅಕ್ಷರಗಳು ಸ್ಪೆಲ್ಲಿಂಗ್ ಕ್ರಮದಲ್ಲಿ ಬಂದಾಗ ಅವ್ರು ಬೇಗ ಒತ್ತಿದ್ರು, ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಸ್ಪೆಲ್ಲಿಂಗ್ ಗೊತ್ತಿರೋ ಸೂಚನೆ ಸಿಕ್ತು. ಅಂದ್ರೆ ಅಕ್ಷರ ಗೊತ್ತಿರಬಹುದು, ಕಲಿಸಬೇಕು. ಬೋರ್ಡಲ್ಲಿ ಬಂದ ವಾಕ್ಯ ಯಾರದ್ದು ಅನ್ನೋದು ಬೇರೆ ಪ್ರಶ್ನೆ.

ಹಾಗಾಗಿ ಅಕ್ಷರ ಬಿಡಲಿಲ್ಲ, ಹಿಡಿಯೋ ಕೈ ಬಿಟ್ವಿ. ಕೀಬೋರ್ಡನ್ನ ಟೇಬಲಿಗೆ ಅಂಟಿಸಿದ್ವಿ, ಅಲ್ಲಾಡಬಾರದು ಅಂತ. ಬೆರಳು ಪಕ್ಕದ ಕೀಗೆ ಜಾರದ ಹಾಗೆ ಮೇಲೆ ತೂತಿರೋ ಗಾರ್ಡ್ ಹಾಕಿದ್ವಿ. ನಾವು ಎದುರಿಗೂ ಕೂರಲ್ಲ, ಹಿಂದೆ ಕೂರ್ತೀವಿ. ದೇಹ ಹೇಳಿದ ಹಾಗೆ ಕೇಳಲ್ಲ ಅಂದ್ರೆ ಬೋರ್ಡ್ ಇನ್ನೂ ಗಟ್ಟಿಯಾಗಿ ನಿಲ್ಲಬೇಕು ಅಲ್ವಾ, ಗಾಳಿಲಿ ಯಾಕೆ ಹಿಡಿಬೇಕು. ಕನ್ನಡದ ಬೋರ್ಡೂ ಮಾಡಿ ನೋಡಿದ್ವಿ, 49 ಅಕ್ಷರ, ಅದ್ರ ಮೇಲೆ ಕಾಗುಣಿತ, ಒತ್ತಕ್ಷರ, ಒಂದು "ಅಪ್ಪ" ಬರೆಯೋಕೇ ಅವ್ನು ಸುಸ್ತಾಗ್ತಿದ್ದ, ಆಮೇಲೆ ಇಂಗ್ಲಿಷ್ ಅಕ್ಷರದ ಕೀಬೋರ್ಡೇ ಇಟ್ಕೊಂಡ್ವಿ. ತುಂಬಾ ನಿಧಾನ. ಎಂಟು ತಿಂಗಳು ಬರೀ ನಾವು ತೋರಿಸಿದ ಪದ ನೋಡಿ ಒತ್ತೋದು, ಬೇಜಾರಾದ್ರೆ ಎದ್ದು ಹೋಗೋದು, ಎಷ್ಟೋ ದಿನ ಏನೂ ಇಲ್ಲ.

ಒಂದು ರಾತ್ರಿ ಮಲಗೋ ಹೊತ್ತಲ್ಲಿ ಎದ್ದು ಹೋಗಿ ಕೀಬೋರ್ಡ್ ಮುಂದೆ ಕೂತ. ನಾನು ಬಾಗಿಲ ಹತ್ರ ನಿಂತಿದ್ದೆ. ಎಫ್ ಎ ಎನ್. ತುಂಬಾ ಹೊತ್ತು ಬಿಟ್ಟು ಬಿ ಇ ಡಿ ಎ. ಫ್ಯಾನ್ ಬೇಡ! ಚಿಕ್ಕವನಿದ್ದಾಗ ಫ್ಯಾನ್ ಕಾರ್ಡ್ ತಂದು ಕೊಡ್ತಿದ್ದ ಮಗು, ಅವ್ನಿಗೆ ಫ್ಯಾನ್ ಇಷ್ಟ ಅಂತಲೇ ನಾನು ದಿನಾ ಹಾಕ್ತಿದ್ದೆ. ಹತ್ರ ಹೋಗಿ ಕೇಳಿದ್ರೆ ಸಣ್ಣದಾಗಿ ಕಟ್ ಕಟ್ ಅಂತ ಸದ್ದು ಬರ್ತಿತ್ತು, ನಮಗ್ಯಾರಿಗೂ ಕೇಳಿಸಿರಲಿಲ್ಲ. ವಾರದಿಂದ ಅವ್ನು ನಿದ್ದೆ ಮಾಡದೆ ಇದ್ದಿದ್ದು ಅದಕ್ಕೇ. ಆ ಎರಡು ಪದದಲ್ಲಿ ಇರೋದು ನನಗೆ ಗೊತ್ತಿಲ್ಲದ ವಿಷಯ, ನಮ್ಮ ಮನೆ ಭಾಷೆ, ಅವ್ನೇ ಕಟ್ಟಿದ ಸ್ಪೆಲ್ಲಿಂಗ್.

ಈಗ ಯಾವುದು ಬಳಸ್ತೀರಿ ಅಂತ ಕೇಳಿದ್ರೆ, ದಿನದ ಮಾತಿಗೆ ಟ್ಯಾಬ್, ಅದ್ರಲ್ಲಿ ಇಲ್ಲದ ಪದಕ್ಕೆ ಕೀಬೋರ್ಡ್, ಹೊರಗೆ ಹೋದಾಗ ಬ್ಯಾಗಲ್ಲಿ ಹತ್ತು ಕಾರ್ಡ್, ನೋವಿನ ಕಾರ್ಡ್ ಎಲ್ಲಕ್ಕಿಂತ ಮೇಲೆ. ಚಿಕ್ಕ ಮಕ್ಕಳಿಗೆ, ಇನ್ನೂ ಏನೂ ಶುರು ಮಾಡಿಲ್ಲ ಅನ್ನೋರಿಗೆ, ನಾನು ಟ್ಯಾಬಿಂದಲೇ ಶುರು ಮಾಡಿ ಅಂತೀನಿ, ಕಾರ್ಡ್ ಮುಗಿಸಿಯೇ ಟ್ಯಾಬ್ ಕೊಡಬೇಕು ಅನ್ನೋದೇನಿಲ್ಲ, ನಾವು ಹಾಗೆ ಅಂದ್ಕೊಂಡು ಮೂರು ವರ್ಷ ಕಳೆದ್ವಿ. ಈಗಾಗ್ಲೇ ಕೈಲಿ ಹಿಡಿಯೋ ಬೋರ್ಡಲ್ಲಿ ಇರೋ ಅಮ್ಮಂದಿರಿಗೆ ನಾನು ಕೇಳ್ಕೊಳ್ಳೋದು ಒಂದೇ, ಮಗುಗೆ ಮಾತ್ರ ಗೊತ್ತಿರೋ, ಬೋರ್ಡ್ ಹಿಡಿದೋರಿಗೆ ಗೊತ್ತಿಲ್ಲದ ಐದು ಸಣ್ಣ ವಿಷಯ ಕೇಳಿ ನೋಡಿ, ಬೇರೆ ಬೇರೆ ದಿನ, ಮಗು ಖುಷಿಯಾಗಿರುವಾಗ. ಉತ್ತರ ಬಂದ್ರೆ ನನಗಿಂತ ಜಾಸ್ತಿ ಸಂತೋಷ ಪಡೋರು ಯಾರೂ ಇರಲ್ಲ. ಬರದಿದ್ರೆ ಮಗುಗೆ ಬುದ್ಧಿ ಇಲ್ಲ ಅಂತ ಅರ್ಥ ಅಲ್ಲವೇ ಅಲ್ಲ, ಅವ್ನ ಮಾತು ಇನ್ನೂ ಹೊರಗೆ ಬಂದಿಲ್ಲ ಅಂತ.

ಬೋರ್ಡ್ ಈಗ್ಲೂ ಮನೇಲಿದೆ, ಸ್ಟ್ಯಾಂಡಿಗೆ ಬಿಗಿಯಾಗಿ ಕಟ್ಟಿ ಕೀಬೋರ್ಡ್ ಪಕ್ಕದಲ್ಲೇ ಇಟ್ಟಿದೀವಿ. ಮೊನ್ನೆ ಟ್ಯಾಬ್ ಆಫ್ ಆಗಿತ್ತು. ಅವ್ನೇ ಹೋಗಿ ಬೋರ್ಡಲ್ಲಿ ಸಿ, ಎಚ್, ಎ, ಆರ್ ತೋರಿಸಿ, ಅಷ್ಟಕ್ಕೇ ಸಾಕು ಅನ್ನಿಸಿರಬೇಕು, ಎದ್ದು ಬಂದು ನನ್ನ ಕೈ ಹಿಡ್ಕೊಂಡು ಚಾರ್ಜರ್ ಹತ್ರ ಎಳ್ಕೊಂಡು ಹೋದ.