ಚಡವು, ಐವತ್ತು ಕಿಲೋ ಹಿಂಡಿ, ಎಲೆಕ್ಟ್ರಿಕ್ ಸ್ಕೂಟರ್: ಎರಡು ಮಳೆಗಾಲದ ನಂತರ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಡಾಮರು ರಸ್ತೆಯಲ್ಲಿ ಯಾವ ಎಲೆಕ್ಟ್ರಿಕ್ ಸ್ಕೂಟರಾದರೂ ಓಡುತ್ತದೆ. ಅದರ ಬಂಡವಾಳ ಗೊತ್ತಾಗುವುದು ರಸ್ತೆಯಿಂದ ಮನೆಯಂಗಳಕ್ಕೆ ಹತ್ತುವ ಕಾಂಕ್ರೀಟು ಚಡವಿನಲ್ಲಿ, ಅದೂ ಕಾಲಬುಡದಲ್ಲಿ ಐವತ್ತು ಕಿಲೋದ ಹಿಂಡಿ ಗೋಣಿ ಇರುವಾಗ. ಬೆಲ್ಟ್ ಡ್ರೈವ್ (ಮೋಟಾರಿನಿಂದ ಹಿಂಚಕ್ರಕ್ಕೆ ಹಲ್ಲಿನ ಬೆಲ್ಟ್), 3 ಕಿಲೋವ್ಯಾಟ್-ಅವರ್ ಬ್ಯಾಟರಿಯ ಗಾಡಿಯನ್ನು ಎರಡು ಮಳೆಗಾಲ ಈ ಕೆಲಸಕ್ಕೆ ಬಳಸಿದ ಮೇಲಿನ ಮಾತುಗಳಿವು.

ಗಾಡಿ 110, ಸವಾರ 70, ಗೋಣಿ 50, ಒಟ್ಟು 230 ಕಿಲೋ. ನೂರು ಅಡಿಗೆ ಹತ್ತು ಅಡಿ ಏರುವ ಚಡವಿನಲ್ಲಿ ಗಂಟೆಗೆ 20 ಕಿ.ಮೀ. ವೇಗ ಉಳಿಯಲು ಚಕ್ರಕ್ಕೆ ಸುಮಾರು ಒಂದೂವರೆ ಕಿಲೋವ್ಯಾಟ್ ಬೇಕು. ಲೈಸೆನ್ಸ್, ರಿಜಿಸ್ಟ್ರೇಷನ್ ಬೇಡದ 250 ವ್ಯಾಟ್ ಗಾಡಿ ಇಷ್ಟು ಹೊತ್ತು ನಡಿಗೆಯ ವೇಗಕ್ಕೂ ಬರುವುದಿಲ್ಲ. ಅಂಗಡಿಯಲ್ಲಿ ಹೇಳುವ ಪೀಕ್ ಪವರ್ ಸ್ವಲ್ಪ ಹೊತ್ತಿನದು, ಸತತ ಕೊಡಬಲ್ಲ ರೇಟೆಡ್ ಪವರ್ ಎಷ್ಟೆಂದು ಕೇಳಿ. 3 ಕಿಲೋವ್ಯಾಟ್ ಇದ್ದರೆ ನಿಶ್ಚಿಂತೆ.

ಟಾರ್ಕ್, ಅಂದರೆ ತಿರುಗಿಸುವ ಬಲದ ಅಂಕೆ ನೋಡಿ ತಪ್ಪುವವರೇ ಹೆಚ್ಚು. ಟಿವಿಎಸ್ ಐಕ್ಯೂಬಿಗೆ 140 ಎನ್‌ಎಂ (ನ್ಯೂಟನ್-ಮೀಟರ್), ಏಥರ್ 450ಎಕ್ಸ್‌ಗೆ 26 ಎಂದು ಬರೆದಿರುತ್ತದೆ. ಹಾಗೆಂದು ಮೊದಲನೆಯದು ಐದು ಪಟ್ಟು ಬಲದ್ದಲ್ಲ. ಐಕ್ಯೂಬಿನದು ಚಕ್ರದೊಳಗೇ ಕೂತ ಹಬ್ ಮೋಟಾರ್, ಆ ಅಂಕೆ ಚಕ್ರದ್ದೇ. ಏಥರಿನಂಥ ಬೆಲ್ಟ್ ಗಾಡಿಯ ಅಂಕೆ ಮೋಟಾರಿನದು, ಅದನ್ನು ಗೇರ್ ಅನುಪಾತದಿಂದ (ಚಕ್ರದ ಒಂದು ಸುತ್ತಿಗೆ ಮೋಟಾರಿನ ಸುತ್ತೆಷ್ಟು) ಗುಣಿಸಬೇಕು. ಅನುಪಾತ 7 ಇದ್ದರೆ 26 ಎನ್‌ಎಂ ಚಕ್ರಕ್ಕೆ ತಲುಪುವಾಗ 182. ನೂರಕ್ಕೆ ಹದಿನೈದರ ಚಡವಿನಲ್ಲಿ 230 ಕಿಲೋ ಒಂದೇ ವೇಗದಲ್ಲಿ ಹತ್ತಲು 12 ಇಂಚು ಚಕ್ರಕ್ಕೆ 86 ಎನ್‌ಎಂ ಸಾಕು, ನಡುವೆ ನಿಂತು ಮತ್ತೆ ಹೊರಡಲು ಇನ್ನಷ್ಟು ಬೇಕು. ಚಕ್ರದಲ್ಲಿ 130ಕ್ಕಿಂತ ಕಡಿಮೆ ಸಿಗುವುದನ್ನು ಇಲ್ಲಿಗೆ ತರಬೇಡಿ.

ಹಬ್ ಮೋಟಾರಿನಲ್ಲಿ ಬೆಲ್ಟಿನ ಕಿರಿಕಿರಿ ಇಲ್ಲ. ಆದರೆ ಉದ್ದದ ಚಡವನ್ನು ತೀರಾ ನಿಧಾನ ಹತ್ತಿಸಿದರೆ ಕರೆಂಟೆಲ್ಲ ಬಿಸಿಯಾಗಿ ಹೋಗುತ್ತದೆ, ಕಾವು ಏರಿದಾಗ ಕಂಟ್ರೋಲರ್ ತಾನೇ ಶಕ್ತಿ ಇಳಿಸುತ್ತದೆ. ಹಾಗಾಗಿ ಇಕೋ ಮೋಡಿನಲ್ಲಿ ತೆವಳಿಸಬೇಡಿ, ಬುಡದಲ್ಲೇ ಮೇಲಿನ ಮೋಡಿಗೆ ಹಾಕಿ. ಬೆಲ್ಟ್ ಗಾಡಿಯ ಶತ್ರು ಕೆಂಪು ಮಣ್ಣು. ಮುರಕಲ್ಲಿನ (ಕೆಂಪುಕಲ್ಲಿನ) ಹುಡಿ ಬೆಲ್ಟಿನ ಹಲ್ಲುಗಳ ನಡುವೆ ಅಂಟಿ ಕಿರ್ ಎನ್ನತೊಡಗಿದರೆ ಬರೀ ನೀರು, ಮೆತ್ತನೆ ಬ್ರಶ್ ಸಾಕು. ಎಣ್ಣೆ, ಗ್ರೀಸ್ ಮುಟ್ಟಿಸಬಾರದು.

ಗೋಣಿಗೆ ಸಮತಟ್ಟಾದ ಫುಟ್‌ಬೋರ್ಡೇ ಜಾಗ. ಸೀಟಿನ ಹಿಂತುದಿಯಲ್ಲಿ ಕಟ್ಟಿದರೆ ಚಡವಿನಲ್ಲಿ ಮುಂಚಕ್ರ ಹಗುರಾಗಿ ಹ್ಯಾಂಡಲ್ ಮಾತು ಕೇಳುವುದಿಲ್ಲ. ಜುಲೈಯಲ್ಲಿ ಪಾಚಿ ಹಿಡಿದ ಕಾಂಕ್ರೀಟಿನ ಮೇಲೆ ಥ್ರಾಟಲ್ ಒಮ್ಮೆಲೇ ತಿರುಗಿಸಿದರೂ ಹಿಂಚಕ್ರ ಅಲ್ಲೇ ಸುತ್ತುತ್ತದೆ. ಮೋಟಾರಿನ ಟಾರ್ಕ್ ಸೊನ್ನೆಯಿಂದಲೇ ಪೂರ್ತಿ ಸಿಗುವುದು ಇದಕ್ಕೆ ಕಾರಣ.

ಪ್ರತಿ ನೂರು ಮೀಟರ್ ಎತ್ತರಕ್ಕೆ ಈ ಭಾರದಲ್ಲಿ 80 ವ್ಯಾಟ್-ಅವರ್ ಹೆಚ್ಚುವರಿ ಖರ್ಚು. ಏರಿಳಿತದ ದಾರಿಯಲ್ಲಿ ಕಿಲೋಮೀಟರಿಗೆ 45 ವ್ಯಾಟ್-ಅವರ್ ಲೆಕ್ಕ ಹಿಡಿದರೆ ತುಂಬಿದ ಬ್ಯಾಟರಿಗೆ ಸುಮಾರು 66 ಕಿ.ಮೀ. ಬರುತ್ತದೆ. ಮನೆ ಗುಡ್ಡೆಯ ಮೇಲಿದ್ದರೆ ದಿನಾ ನೂರಕ್ಕೆ ನೂರು ಚಾರ್ಜ್ ಬೇಡ. ತುಂಬಿದ ಬ್ಯಾಟರಿಗೆ ರೀಜನ್ ಕರೆಂಟು (ಇಳಿಯುವಾಗ ಮೋಟಾರೇ ಗಾಡಿಯನ್ನು ತಡೆದು ಹುಟ್ಟಿಸುವ ಕರೆಂಟು) ಹಿಡಿಸದು, ಇಳಿಯುವಾಗ ಇಡೀ ಭಾರ ಬ್ರೇಕಿನ ಮೇಲೆ ಬಿದ್ದು ಪ್ಯಾಡ್ ಬೇಗ ಸವೆಯುತ್ತದೆ. 85–90ಕ್ಕೆ ನಿಲ್ಲಿಸಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಾದರೆ ಕಂಪೆನಿ ಹೇಳಿದಷ್ಟು ದಿನಕ್ಕೊಮ್ಮೆ ಮಾತ್ರ ಪೂರ್ತಿ ಮಾಡಿ.

ಮನೆಯ ಅರ್ತಿಂಗ್ ಮರೆಯಬೇಡಿ. ಮುರಕಲ್ಲಿನ ನೆಲ ಮಾರ್ಚ್‌ನಿಂದ ಮೇವರೆಗೆ ಒಣಗಿದಾಗ ಅರ್ತ್ ಕೈಕೊಡುತ್ತದೆ, ಅರ್ತ್ ಗುಂಡಿಗೆ ನೀರು ಹಾಕುತ್ತಿರಬೇಕು. ಏಪ್ರಿಲ್, ಮೇ, ಅಕ್ಟೋಬರಿನ ಸಂಜೆ ಸಿಡಿಲು ಕೇಳುವ ಮೊದಲೇ ಚಾರ್ಜರಿನ ಪ್ಲಗ್ ಕಿತ್ತಿಡಿ.

ಟೆಸ್ಟ್ ರೈಡ್ ಪೇಟೆಯ ರಸ್ತೆಯಲ್ಲಿ ಬೇಡ. ಗೋಣಿ ಹೇರಿ ನಿಮ್ಮದೇ ಚಡವಿಗೆ ತನ್ನಿ, ನಡುವೆ ನಿಲ್ಲಿಸಿ ಹೊರಡಿಸಿ. ಬ್ಯಾಟರಿ ನೂರಕ್ಕೆ 20ಕ್ಕಿಂತ ಕೆಳಗಿರುವಾಗ ಇನ್ನೊಮ್ಮೆ ಹತ್ತಿಸಿ, ಹಲವು ಗಾಡಿಗಳು ಆಗಲೇ ಶಕ್ತಿ ಇಳಿಸುತ್ತವೆ.