ಕಂಬಳದ ಸ್ಲೋ ಮೋಷನ್: 60, 120, 240ರಲ್ಲಿ ಯಾವುದು?

ಕಂಬಳದ ಓಟ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. 2020ರಲ್ಲಿ ಐಕಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ಓಡಿದ್ದು 13.62 ಸೆಕೆಂಡಿನಲ್ಲಿ, ನೆನಪಿದೆ ಅಲ್ವಾ? ಅಷ್ಟರೊಳಗೆ ಕೆಸರು, ನೀರು, ಕೋಣಗಳ ಕಾಲು ಎಲ್ಲವನ್ನೂ ಹಿಡಿಯಬೇಕು. ಮೂರೂ ಫ್ರೇಮ್ ರೇಟ್‌ಗಳಲ್ಲಿ (ಸೆಕೆಂಡಿಗೆ 60, 120, 240 ಫ್ರೇಮ್, ಅಂದರೆ ಎಫ್‌ಪಿಎಸ್) ತೆಗೆದು ನೋಡಿದ್ದೇನೆ.

60 ಎಫ್‌ಪಿಎಸ್‌ನಲ್ಲಿ ತೆಗೆದದ್ದನ್ನು ಎಡಿಟಿಂಗ್‌ನಲ್ಲಿ ಸೆಕೆಂಡಿಗೆ 30 ಫ್ರೇಮಿನ ಟೈಮ್‌ಲೈನಿಗೆ ಹಾಕಿದರೆ ಎರಡು ಪಟ್ಟು ನಿಧಾನ, ಅಷ್ಟೇ. ಓಟ ಮುಗಿಯುವ ಜಾಗವಾದ ಮಂಜೊಟ್ಟಿವರೆಗಿನ ಇಡೀ ಓಟ ತೋರಿಸೋಕೆ ಚೆನ್ನಾಗಿದೆ. ನೀರು ಮಾತ್ರ ಹನಿಹನಿಯಾಗಿ ಬಿಡಿಸಿ ಕಾಣುವುದಿಲ್ಲ.

240ರಲ್ಲಿ ಎಂಟು ಪಟ್ಟು. 13 ಸೆಕೆಂಡಿನ ಓಟ 1 ನಿಮಿಷ 44 ಸೆಕೆಂಡ್ ಎಳೆಯುತ್ತದೆ, ನೋಡುವವರಿಗೆ ಬೇಜಾರು. ಆದರೆ ಕೋಣಗಳು ಎಳೆಯುವ ಹಲಗೆಯ ಮೇಲೆ ನಿಂತು ಓಡಿಸುವ ಕನೆಹಲಗೆ ವಿಭಾಗಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆ ಬಟ್ಟೆಯನ್ನು ಮುಟ್ಟಿತಾ ಇಲ್ವಾ ಅನ್ನೋದೇ ಅಲ್ಲಿನ ಪಂದ್ಯ. ನೀರಿನ ತುದಿ ಒಡೆದು, ಹನಿ ಬಟ್ಟೆಗೆ ತಾಗಿ, ಒದ್ದೆ ಕಲೆ ಹರಡುವುದು ಕೂಡ 240ರಲ್ಲಿ ಕಾಣುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ. ಶಟರ್ ಸ್ಪೀಡ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಸಮಯ) 1/500 ಸೆಕೆಂಡಿನ ಹತ್ತಿರ ಬೇಕು. ಅಂದರೆ 60ಕ್ಕೆ ಇಡುವ 1/125ರಲ್ಲಿ ಸಿಗುವ ಬೆಳಕಿನ ಕಾಲು ಭಾಗ. ಮಧ್ಯಾಹ್ನದ ಬಿಸಿಲಿದ್ದರೆ ಚಿಂತೆಯಿಲ್ಲ. ಸಂಜೆ ಐದೂವರೆಯ ಮೇಲೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಬೇಕಾಗುತ್ತದೆ, ಆಗ ಚಿತ್ರದ ತುಂಬ ಕಾಳುಕಾಳು. ನನ್ನ ಕ್ಯಾಮೆರಾದಲ್ಲಿ 240ಕ್ಕೆ 4ಕೆ ಕೂಡ ಸಿಗುವುದಿಲ್ಲ, ಫುಲ್ ಎಚ್‌ಡಿ ಮಾತ್ರ.

ಹಾಗಾಗಿ ಹಗಲಲ್ಲಿ ಹೆಚ್ಚಾಗಿ 120 ಇಡುತ್ತೇನೆ. ನಾಲ್ಕು ಪಟ್ಟು ನಿಧಾನದಲ್ಲಿ ಕೋಣಗಳ ಭುಜದ ಸ್ನಾಯು ಅಲುಗುವುದು ಕಾಣುತ್ತದೆ, ಓಟದ ರಭಸವೂ ಉಳಿಯುತ್ತದೆ.

ರಾತ್ರಿ ಫ್ಲಡ್‌ಲೈಟ್ ಬಂದ ಮೇಲೆ ಲೆಕ್ಕ ಬೇರೆ. ನಮ್ಮ ಕರೆಂಟು 50 ಹರ್ಟ್ಸ್. ದೀಪದ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಬರಿಗಣ್ಣಿಗೆ ಗೊತ್ತಾಗಲ್ಲ, ಆದರೆ 120ರಲ್ಲಾಗಲಿ 240ರಲ್ಲಾಗಲಿ ಎಷ್ಟೋ ದೀಪಗಳ ಕೆಳಗೆ ವಿಡಿಯೊ ಮಿಣಮಿಣ ಅನ್ನುತ್ತದೆ. ಎಡಿಟಿಂಗ್‌ನಲ್ಲಿ ಅದನ್ನು ತೆಗೆಯೋದು ದೊಡ್ಡ ರಗಳೆ. ಕ್ಯಾಮೆರಾವನ್ನು ಪಾಲ್ ಮೋಡ್‌ಗೆ (50 ಹರ್ಟ್ಸ್ ಕರೆಂಟಿಗೆ ಹೊಂದುವ ವಿಡಿಯೊ ಸೆಟ್ಟಿಂಗ್) ಹಾಕಿದರೆ 100 ಎಫ್‌ಪಿಎಸ್ ಸಿಗುತ್ತದೆ, ಶಟರ್ 1/100. ಪ್ರತಿ ಫ್ರೇಮಿಗೂ ಒಂದೇ ಪ್ರಮಾಣದ ಬೆಳಕು, ಮಿಣುಕು ಮಾಯ. ಚಲನೆ ಸ್ವಲ್ಪ ಮಸುಕಾಗುತ್ತದೆ, ನನಗೆ ಅದು ಒಪ್ಪಿಗೆ. 25ರ ಟೈಮ್‌ಲೈನಿಗೆ ಹಾಕಿದರೆ ಇಲ್ಲೂ ನಾಲ್ಕು ಪಟ್ಟು ನಿಧಾನ. ಪಾಲ್ ಇಲ್ಲದ ಫೋನಾದರೆ ರಾತ್ರಿ ಸುಮ್ನೆ 30ಕ್ಕೆ ಇಳಿಸಿ, 1/100 ಶಟರ್‌ನಲ್ಲಿ ಮಾಮೂಲಿ ವೇಗದಲ್ಲೇ ತೆಗೆಯಿರಿ.