ಗುಂಡಿಗಳಿಲ್ಲದ ಪರದೆ, ಒದ್ದೆ ಕೈ: ಜೆಸ್ಚರ್ ನ್ಯಾವಿಗೇಶನ್ ಕುರಿತು ದೀರ್ಘ ಬಳಕೆಯ ವಿಮರ್ಶೆ

ಆಂಡ್ರಾಯ್ಡ್ ಫೋನಿನ ಜೆಸ್ಚರ್ ನ್ಯಾವಿಗೇಶನ್ ಅನ್ನು, ಅಂದರೆ ಗುಂಡಿ ಒತ್ತುವ ಬದಲು ಪರದೆಯ ಮೇಲೆ ಬೆರಳು ಎಳೆದು ಫೋನು ನಡೆಸುವ ವ್ಯವಸ್ಥೆಯನ್ನು, ನಾನು ಶಿರಸಿ ಸಮೀಪದ ನಮ್ಮ ಅಡಿಕೆ ತೋಟದಲ್ಲೂ ಮನೆಯಲ್ಲೂ ಕೆಲವು ವರ್ಷಗಳಿಂದ ದಿನವೂ ಬಳಸುತ್ತಿದ್ದೇನೆ. ಕೈ ಒಣಗಿದ್ದು, ಕುಳಿತು ನೋಡುವಷ್ಟು ಪುರಸೊತ್ತು ಇದ್ದರೆ ಇದಕ್ಕಿಂತ ಸರಾಗವಾದ ವ್ಯವಸ್ಥೆ ಇಲ್ಲ. ಆದರೆ ಕೈಕೆಲಸದ ನಡುವೆ ಫೋನು ಹಿಡಿಯುವವರನ್ನೂ ಹೊಸದಾಗಿ ಕಲಿಯುವ ಹಿರಿಯರನ್ನೂ ವಿನ್ಯಾಸಕಾರರು ಇನ್ನೂ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

2017ರಲ್ಲಿ ಐಫೋನ್ ಟೆನ್ ಹೋಮ್ ಬಟನ್ನನ್ನು ಕೈಬಿಟ್ಟಿತು. 2019ರ ಆಂಡ್ರಾಯ್ಡ್ 10ರಲ್ಲಿ ಪರದೆಯ ಎರಡೂ ಅಂಚುಗಳಿಂದ ಒಳಕ್ಕೆ ಎಳೆದರೆ ಹಿಂದಿನ ಪುಟ, ಕೆಳಗಿನಿಂದ ಮೇಲಕ್ಕೆ ಎಳೆದರೆ ಹೋಮ್ ಎಂಬ ಕ್ರಮ ಬಂತು. ದೊಡ್ಡ ಫೋನನ್ನು ಒಂದೇ ಕೈಯಲ್ಲಿ ಹಿಡಿದಾಗ ಹೆಬ್ಬೆರಳು ಇದ್ದಲ್ಲಿಂದಲೇ ಹಿಂದಕ್ಕೆ ಹೋಗಬಹುದು ಎಂಬುದು ನಿಜವಾದ ಅನುಕೂಲ. ಇದರಿಂದ ಆ್ಯಪ್‌ಗಳ ರೂಪವೂ ಬದಲಾಗಬೇಕಾಯಿತು: ಎಡ ಅಂಚಿನಿಂದ ಎಳೆದು ತೆರೆಯುತ್ತಿದ್ದ ಮೆನುವಿಗೂ ಹಿಂದಕ್ಕೆ ಹೋಗುವ ಎಳೆತಕ್ಕೂ ತಿಕ್ಕಾಟವಾದ್ದರಿಂದ, ಪರದೆಯ ಕೆಳಗಿನ ಪಟ್ಟಿಯೇ ಹೆಚ್ಚು ಭದ್ರವಾದ ಜಾಗವಾಯಿತು. ಆದರೂ ಉದ್ದದ ಅರ್ಜಿಯೊಂದನ್ನು ತುಂಬಿ, ಫೋಟೋದ ಅಂಚನ್ನು ಹಿಡಿದು ಕತ್ತರಿಸುತ್ತಿರುವಾಗ ಇಡೀ ಪುಟ ಹಿಂದಕ್ಕೆ ಜಾರಿ, ತುಂಬಿದ್ದೆಲ್ಲ ಅಳಿಸಿಹೋಗುವ ಅನುಭವ ನನಗೆ ಇಂದಿಗೂ ಆಗುತ್ತಿದೆ. ಬೆರಳೆತ್ತುವ ಮೊದಲೇ ಹಿಂದಿನ ಪುಟವನ್ನು ಇಣುಕಿಸಿ ತೋರಿಸುವ ಹೊಸ ಏರ್ಪಾಡನ್ನು ಅಳವಡಿಸಿಕೊಂಡ ಆ್ಯಪ್‌ಗಳಲ್ಲಿ ಈ ತೊಂದರೆ ಬಹಳ ಕಡಿಮೆ.

ನಿಜವಾದ ಪರೀಕ್ಷೆ ಮಳೆಗಾಲದ್ದು. ಬೆರಳು ತಾಗಿದಾಗ ಪರದೆಯ ವಿದ್ಯುತ್ ಕ್ಷೇತ್ರದಲ್ಲಾಗುವ ಬದಲಾವಣೆಯನ್ನು ಫೋನು ಗುರುತಿಸುತ್ತದೆ. ನೀರೂ ಅಂಥದೇ ಬದಲಾವಣೆ ಉಂಟುಮಾಡುವುದರಿಂದ, ಅಂಚಿನಲ್ಲಿ ಹನಿ ನಿಂತರೆ ಎಳೆತ ಅರ್ಧಕ್ಕೇ ತುಂಡಾಗುತ್ತದೆ ಇಲ್ಲವೇ ತಾನಾಗಿಯೇ ಪುಟ ಬದಲಾಗುತ್ತದೆ. ಗುಂಡಿಯಾದರೆ ಒರೆಸಿ ಇನ್ನೊಮ್ಮೆ ಒತ್ತಿದರೆ ಸಾಕಿತ್ತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಂತೂ ಕೈಗೆ ಅದರ ಮೈಲುತುತ್ತ, ಸುಣ್ಣ ಮೆತ್ತಿಕೊಂಡಿರುತ್ತದೆ. ಫೋನನ್ನು ಮುಟ್ಟುವಂತೆಯೇ ಇರುವುದಿಲ್ಲ.

ಅಂಥ ಹೊತ್ತಿಗಾಗಿಯೇ ನನ್ನ ಈಗಿನ ಫೋನಿನಲ್ಲಿರುವ, ಮುಂದಿನ ಕ್ಯಾಮೆರಾದ ಎದುರು ಅಂಗೈ ಆಡಿಸಿ ಕರೆ ಸ್ವೀಕರಿಸುವ ಸೌಲಭ್ಯವನ್ನು ನಾನು ಆಸೆಯಿಂದ ಬಳಸತೊಡಗಿದೆ. ಬಯಲಿನ ಬೆಳಕಿನಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮೋಡ ಕವಿದ ದಿನ ತೋಟದ ನೆರಳಿನಲ್ಲಿ ಕೈಯನ್ನು ಗುರುತಿಸಲು ತಡಕಾಡುತ್ತದೆ. ಮೇಲಾಗಿ ಗಾಳಿಯಲ್ಲಿ ಕೈ ಎತ್ತಿ ಹಿಡಿದರೆ ತೋಳು ಬೇಗ ಸೋಲುತ್ತದೆ. ವಿನ್ಯಾಸಕಾರರು ಬಹುಕಾಲದಿಂದ ಬಲ್ಲ ಈ ದಣಿವಿಗೆ ‘ಗೊರಿಲ್ಲಾ ಆರ್ಮ್’ ಎಂಬ ಹೆಸರೇ ಇದೆ. 2024ರಲ್ಲಿ ಮಾರುಕಟ್ಟೆಗೆ ಬಂದ, ಕಣ್ಣಿನ ಮುಂದೆ ಪರದೆ ಇರುವಂತೆ ತಲೆಗೆ ಧರಿಸುವ ಆ್ಯಪಲ್ ವಿಷನ್ ಪ್ರೋ ಸಾಧನದಲ್ಲಿ ಕಣ್ಣಿನಿಂದ ಆರಿಸಿ, ಕೈಯನ್ನು ತೊಡೆಯ ಮೇಲಿಟ್ಟುಕೊಂಡೇ ಹೆಬ್ಬೆರಳಿಗೆ ತೋರುಬೆರಳು ತಾಗಿಸಿದರೆ ಸಾಕೆಂಬ ಕ್ರಮವಿದೆ. ಸನ್ನೆಗಳ ಮುಂದಿನ ದಾರಿ ಇಂಥ ಸಣ್ಣ ಚಲನೆಯೇ ಎಂದು ನನಗೆ ತೋರುತ್ತದೆ.

ಇದಕ್ಕಿಂತಲೂ ನನ್ನನ್ನು ಕಾಡುವುದು, ಸನ್ನೆ ಕಣ್ಣಿಗೆ ಕಾಣುವುದಿಲ್ಲ ಎಂಬ ಸಂಗತಿ. ಹೊಸ ಫೋನು ಕೈಗೆ ಬಂದ ದಿನ ಆಯಿ ಪರದೆಯ ಕೆಳಭಾಗವನ್ನು ಬೆರಳಿನಿಂದ ತಡವುತ್ತ, “ವಾಪಸ್ ಹೋಪ ಬಟನ್ನು ಎಲ್ಲಿ ಹೋತು, ತಮಾ?” ಎಂದು ಕೇಳಿದ್ದಳು. ಅಂಚಿನಲ್ಲಿ ಬಾಣದ ಗುರುತು ಮೂಡುವುದು ಎಳೆಯತೊಡಗಿದ ಮೇಲಷ್ಟೇ. ಎಳೆಯಬೇಕೆಂದು ಗೊತ್ತಿಲ್ಲದವರಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಮೊದಲ ಕೆಲವು ವಾರವಾದರೂ ಅಂಚಿನಲ್ಲಿ ಮಸುಕಾದ ಗುರುತನ್ನು ಉಳಿಸುವುದು ತಯಾರಕರಿಗೆ ಕಷ್ಟದ ಕೆಲಸವಲ್ಲ, ಅದನ್ನು ಅವರು ಮಾಡಲೇಬೇಕು.

ಅಲ್ಲಿಯವರೆಗೆ ಸೆಟ್ಟಿಂಗ್ಸ್‌ನಲ್ಲಿ ಮೂರು ಗುಂಡಿಗಳಿಗೆ ಮರಳುವ ಆಯ್ಕೆ ಇದೆ. ಆಯಿಯ ಫೋನಿನಲ್ಲಿ ಅದನ್ನೇ ಹಾಕಿಕೊಟ್ಟಿದ್ದೇನೆ. ನನ್ನ ಫೋನಿನಲ್ಲಿ ಜೆಸ್ಚರ್ ಉಳಿಸಿಕೊಂಡು, ಅಂಚಿನ ಸೂಕ್ಷ್ಮತೆಯನ್ನು ಎರಡೂ ಬದಿಗೆ ಕಡಿಮೆ ಮಾಡಿಟ್ಟಿದ್ದೇನೆ. ಮಳೆಗಾಲದಲ್ಲಿ ಫೋನು ಬಳಸುವ ಎಲ್ಲರಿಗೂ ಮೊದಲು ಹೇಳುವುದೂ ಅದನ್ನೇ.